ಮಗುವಿನ ಹೆಜ್ಜೆ, ಅಂಗಡಿಯ ಮೆಟ್ಟಿಲು

ನನ್ನ ಕೈಯಿಂದ ಹೊಡೆತ ಬೀಳಲಿಲ್ಲ. ನನ್ನ ಮಾತು ಅದಕ್ಕೆ ಪ್ರೇರಣೆಯಾಗಲಿಲ್ಲ. ಮನಸ್ಸಿನಲ್ಲಿ ಅಂತಹ ಭಾವದ ಲೇಶವೂ ಇರಲಿಲ್ಲ. ಆದರೂ ನನ್ನ ಅಂಗಡಿಯ ಮುಂದೆ ಒಂದು ಮಗುವಿನ ಕಾಲು ಮುರಿಯಿತು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಲ್ಲಿ ಯಾವುದಕ್ಕೂ ಮೇಲುನೋಟಕ್ಕೆ ಸೇರದ ಈ ಹಿಂಸೆಯಲ್ಲಿ ನನ್ನ ಪಾಲೆಷ್ಟು ಎಂಬ ಪ್ರಶ್ನೆಯನ್ನು ಕೆಲವು ವರ್ಷಗಳಿಂದ ನನ್ನೊಳಗೆ ಇಟ್ಟುಕೊಂಡಿದ್ದೇನೆ. ಧರ್ಮಬಂಧುಗಳ ಮುಂದೆ ಅದನ್ನು ಇಂದು ಬಿಚ್ಚಿಡುತ್ತಿರುವುದಕ್ಕೆ ಕಾರಣವಿದೆ. ನಮ್ಮಲ್ಲಿ ಹೆಚ್ಚಿನವರು ವ್ಯಾಪಾರಸ್ಥರು, ನಮ್ಮ ಅಂಗಡಿಗಳು ಪೇಟೆಬೀದಿಗಳಲ್ಲಿವೆ, ಮತ್ತು ಆ ಬೀದಿಗಳಲ್ಲೇ ಮಕ್ಕಳು ಶಾಲೆಗೆ ನಡೆಯುತ್ತಾರೆ.

ನಡೆದುದು ಇಷ್ಟು. ಹಾಸನದ ಪೇಟೆಯಲ್ಲಿ ನಮ್ಮದು ತಂದೆಯವರ ಕಾಲದ ಪಾತ್ರೆ ಅಂಗಡಿ. ಮುಂದಿನ ಫುಟ್‌ಪಾತಿನ ಅಗಲ ಸುಮಾರು ಆರು ಅಡಿ. 1996ರಲ್ಲಿ ಅಂಗಡಿಯನ್ನು ನವೀಕರಿಸುವಾಗ ಚರಂಡಿಯ ಮೇಲೆ ಚಪ್ಪಡಿ ಹಾಸಿ, ಅದರ ಮೇಲೆ ಕಬ್ಬಿಣದ ಮೆಟ್ಟಿಲನ್ನೂ ಒಂದು ಕಟ್ಟೆಯನ್ನೂ ಮಾಡಿಸಿದೆ. ಮೂರೂವರೆ ಅಡಿ ಹೋಯಿತು. ಉಳಿದ ಎರಡೂವರೆ ಅಡಿಯಲ್ಲಿ ಒಂದು ವಿದ್ಯುತ್ ಕಂಬ. ಕಂಬದ ಪಕ್ಕಕ್ಕೆ ಬೆಳಗ್ಗೆ ಹುಡುಗರು ಜೋಡಿಸುತ್ತಿದ್ದ ಸ್ಟೀಲ್ ಕೊಡಗಳು ಮತ್ತು ಡಬರಿಗಳ ಸಾಲು. 2019ರ ಜೂನ್ ತಿಂಗಳು, ಶಾಲೆಗಳು ಆರಂಭವಾಗಿ ಹೆಚ್ಚು ದಿನಗಳಾಗಿರಲಿಲ್ಲ. ಏಳು ವರ್ಷದ ಹುಡುಗನೊಬ್ಬ ತನ್ನ ಅಕ್ಕನ ಹಿಂದೆ ಬರುತ್ತಿದ್ದವನು ಆ ಕೊಡಗಳ ಸಾಲನ್ನು ಬಳಸಿ ಹೋಗಲು ರಸ್ತೆಗೆ ಇಳಿದ. ಹಿಂದಿನಿಂದ ಬಂದ ಬೈಕು ತಾಗಿತು. ಮೊಣಕಾಲಿನ ಕೆಳಗಿನ ಎಲುಬು ಮುರಿದು, ಆರು ವಾರ ಸಿಮೆಂಟ್ ಪಟ್ಟಿಯಲ್ಲಿ ಮಲಗಿದ.

ಅಲ್ಲಿ ಸೇರಿದ ಜನರೆಲ್ಲ ಒಂದೇ ಮಾತನ್ನು ಆಡಿದರು: ಹುಡುಗ ಏಕಾಏಕಿ ರಸ್ತೆಗೆ ಬಂದ. ಬೈಕಿನ ಯುವಕ ಅದನ್ನೇ ಹೇಳಿದ. ನಾನೂ ಅದನ್ನೇ ಹೇಳಿದೆ. ಏಕಾಏಕಿ ಏಕೆ ಬಂದ ಎಂದು ಯಾರೂ ಕೇಳಲಿಲ್ಲ. ಮೂರು ದಿನಗಳವರೆಗೆ ನಾನೂ ಕೇಳಿಕೊಳ್ಳಲಿಲ್ಲ. ನಾಲ್ಕನೆಯ ದಿನ ಹುಡುಗನ ತಂದೆ ಅಂಗಡಿಗೆ ಬಂದರು. ಬಣ್ಣ ಬಳಿಯುವ ಕೆಲಸದವರು. ಜಗಳಕ್ಕೆ ಬಂದಿರಬಹುದೆಂದು ನನ್ನ ಮನಸ್ಸು ಸಿದ್ಧವಾಗಿತ್ತು. ಅವರು ಬಂದದ್ದು ಅಂದು ನಮ್ಮ ಹುಡುಗರು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ಉಪಕಾರಕ್ಕೆ ಕೃತಜ್ಞತೆ ಹೇಳಲು. ಹೋಗುವಾಗ, "ಅವನು ನೋಡ್ಕೊಂಡು ನಡೀಬೇಕಿತ್ತು ಯಜಮಾನ್ರೇ, ಎಷ್ಟು ಹೇಳಿದ್ರೂ ಕೇಳಲ್ಲ" ಎಂದರು. ನನ್ನ ಕೊಡಗಳ ಸಾಲಿನ ಪಕ್ಕದಲ್ಲೇ ಇಳಿದು ಹೋದರು.

ನೋಡಿಕೊಂಡು ನಡೆಯಬೇಕು ಎಂಬುದು ನಮಗೆ ಹೊಸ ಮಾತಲ್ಲ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ಹೆಜ್ಜೆಯಿಡುವುದು ಈರ್ಯಾಸಮಿತಿ. ಅದು ಮಹಾವ್ರತಿಗಳಾದ ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಮೊದಲನೆಯದು. ವರ್ಷಗಳ ಅಭ್ಯಾಸದಿಂದ, ವೈರಾಗ್ಯದ ಬಲದಿಂದ ಮುನಿಗಳು ಸಾಧಿಸುವ ಆ ಎಚ್ಚರವನ್ನು ನಾವು ಏಳು ವರ್ಷದ ಮಗುವಿನಿಂದ ಬೀದಿಯಲ್ಲಿ ನಿರೀಕ್ಷಿಸುತ್ತಿದ್ದೇವೆ. ಮಗುವಿನ ಸ್ವಭಾವವೇ ಓಡುವುದು, ಚಿಟ್ಟೆಯ ಹಿಂದೆ ಹೋಗುವುದು, ನಡೆಯುತ್ತ ನಡೆಯುತ್ತ ನಿಂತುಬಿಡುವುದು. ಎಚ್ಚರ ತಪ್ಪಿದ ತಪ್ಪು ಮಗುವಿನದಾದರೆ, ಅರವತ್ತರ ಹತ್ತಿರವಿದ್ದ, ಶಾಸ್ತ್ರಸ್ವಾಧ್ಯಾಯ ಮಾಡುತ್ತೇನೆಂದು ಹೇಳಿಕೊಳ್ಳುವ ಶ್ರಾವಕನ ಎಚ್ಚರ ಎಲ್ಲಿತ್ತು?

ನಮ್ಮ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತವಾಯಿತೇ ಇಲ್ಲವೇ ಎಂಬುದನ್ನಷ್ಟೇ ನೋಡುವುದಿಲ್ಲ. ಪ್ರಮಾದದ ಯೋಗವಿತ್ತೇ ಎಂಬುದನ್ನು ಮೊದಲು ನೋಡುತ್ತಾರೆ. ಯತ್ನಾಚಾರದಿಂದ ನಡೆಯುವ ಮುನಿಯ ಕಾಲಡಿಗೆ ಸಿಕ್ಕಿ ಸೂಕ್ಷ್ಮಜೀವಿಯೊಂದು ಸತ್ತರೂ ಆತನಿಗೆ ಹಿಂಸೆಯ ಬಂಧವಿಲ್ಲವೆಂದೂ, ಅಯತ್ನಾಚಾರಿಯಾದವನು ಯಾವ ಜೀವಿ ಸಾಯದಿದ್ದರೂ ಹಿಂಸಕನೇ ಎಂದೂ ಅವರು ನಿರ್ಣಯಿಸಿದ್ದಾರೆ. ಈ ನಿರ್ಣಯದ ಮೊದಲ ಅರ್ಧವನ್ನು ನಾವು ಆಗಾಗ ನೆನೆಸಿಕೊಂಡು ಸಮಾಧಾನಪಡುತ್ತೇವೆ. ಎರಡನೆಯ ಅರ್ಧವನ್ನು ನನಗೆ ಅನ್ವಯಿಸಿಕೊಂಡಾಗ ಬಂದ ಫಲ ಹೀಗಿದೆ. ನನ್ನ ಹಿಂಸೆ 2019ರ ಜೂನಿನಲ್ಲಿ ನಡೆದದ್ದಲ್ಲ. ಅದು ಕಟ್ಟೆ ಕಟ್ಟಿಸಿದ 1996ರಿಂದ, ಯಾವ ಮಗುವೂ ಬೀಳದ ಪ್ರತಿದಿನವೂ, ಬೆಳಗ್ಗೆ ಕೊಡಗಳನ್ನು ಜೋಡಿಸುವ ಹೊತ್ತಿಗೆ ಸರಿಯಾಗಿ ಆರಂಭವಾಗಿ ಸಂಜೆ ಬಾಗಿಲು ಹಾಕುವವರೆಗೆ ನಡೆಯುತ್ತಿತ್ತು. ಹುಡುಗನ ಕಾಲು ಮುರಿದದ್ದು ಅದನ್ನು ನನಗೆ ತೋರಿಸಿಕೊಟ್ಟ ದಿನ ಮಾತ್ರ.

ಹಿಂಸೆಯ ಜೊತೆಗೆ ಇನ್ನೊಂದು ವ್ರತಭಂಗವೂ ಇದರಲ್ಲಿ ಅಡಗಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂಬುದೊಂದು: ಕೊಡುವಾಗ ಕಡಿಮೆ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ. ನನ್ನ ತಂದೆಯವರು ಈ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಿನವರಾಗಿದ್ದರು. ಹಿತ್ತಾಳೆ, ತಾಮ್ರವನ್ನು ತೂಕಕ್ಕೆ ಮಾರುತ್ತಿದ್ದ ಕಾಲದಲ್ಲಿ ತಕ್ಕಡಿ ಬಟ್ಟುಗಳಿಗೆ ಸರಕಾರದ ಮುದ್ರೆ ಹಾಕಿಸುವ ದಿನವನ್ನು ಅವರು ಒಂದು ನೋಂಪಿಯ ದಿನದಂತೆ ಕಾಣುತ್ತಿದ್ದರು. ಆ ತಂದೆಯ ಮಗನಾದ ನಾನು ಟೇಪು ಹಿಡಿದು ಅಳೆದೆ. ಹದಿನಾಲ್ಕು ಅಡಿ ಮುಖ, ಮೂರೂವರೆ ಅಡಿ ಚಾಚು. 49 ಚದರ ಅಡಿ. ವಾಣಿಜ್ಯ ಪದವಿ ಓದಿದವನಾದುದರಿಂದ ಲೆಕ್ಕವನ್ನು ಅಲ್ಲಿಗೇ ಬಿಡಲಾಗಲಿಲ್ಲ. ಚದರ ಅಡಿಗೆ ತಿಂಗಳಿಗೆ ಕೇವಲ 20 ರೂಪಾಯಿ ಬಾಡಿಗೆ ಹಿಡಿದರೂ ತಿಂಗಳಿಗೆ 980, ವರ್ಷಕ್ಕೆ 11,760, ಇಪ್ಪತ್ತಮೂರು ವರ್ಷಗಳಿಗೆ 2,70,480 ರೂಪಾಯಿ. ಬಡ್ಡಿ ಸೇರಿಸಿಲ್ಲ. ಈ ಋಣ ನನ್ನ ಯಾವ ಖಾತೆ ಪುಸ್ತಕದಲ್ಲೂ ಇರಲಿಲ್ಲ. ಕೊಟ್ಟವರು ಕೇಳಲಿಲ್ಲ, ಏಕೆಂದರೆ ಕೊಟ್ಟೆವೆಂಬುದೇ ಅವರಿಗೆ ಗೊತ್ತಿರಲಿಲ್ಲ. ಕೊಡದೆ ತೆಗೆದುಕೊಂಡದ್ದಕ್ಕೆ ಶಾಸ್ತ್ರದಲ್ಲಿ ಏನು ಹೆಸರೆಂಬುದು ವಾಚಕರಿಗೆ ತಿಳಿದೇ ಇದೆ.

ಇಲ್ಲಿಂದ ಮುಂದೆ ನಾನು ಬೀದಿಯನ್ನು ಬೇರೆ ರೀತಿಯಲ್ಲಿ ನೋಡತೊಡಗಿದೆ. ಬರ್ನಾರ್ಡ್ ವ್ಯಾನ್ ಲೀರ್ ಫೌಂಡೇಶನ್ ಎಂಬ ಡಚ್ ಸಂಸ್ಥೆ 2016ರಿಂದ 'ಅರ್ಬನ್ 95' ಎಂಬ ಯೋಜನೆಯನ್ನು ನಡೆಸುತ್ತ ಬಂದಿತು. 95 ಎಂದರೆ 95 ಸೆಂಟಿಮೀಟರ್, ಆರೋಗ್ಯವಂತ ಮೂರು ವರ್ಷದ ಮಗುವಿನ ಸರಾಸರಿ ಎತ್ತರ. ಆ ಎತ್ತರದಿಂದ ನಗರ ಹೇಗೆ ಕಾಣುತ್ತದೆ ಎಂದು ನಗರ ಕಟ್ಟುವವರು ಒಮ್ಮೆ ನೋಡಬೇಕು ಎಂಬುದು ಅದರ ಕೋರಿಕೆ. ಮೂರಡಿಗಿಂತ ಸುಮಾರು ಒಂದೂವರೆ ಅಂಗುಲ ಹೆಚ್ಚು, ಅಷ್ಟೆ. ನಾನು ಅಂಗಡಿಯ ಮುಂದೆ ಒಂದು ಗಿಡ್ಡ ಸ್ಟೂಲು ಹಾಕಿಕೊಂಡು ಕುಳಿತು ನೋಡಿದೆ. ಕಂಡದ್ದು ಸ್ಕೂಟರುಗಳ ಸೀಟು, ಕಾರುಗಳ ಬಾಗಿಲು, ಮುಖಕ್ಕೆ ನೇರವಾಗಿ ಬರುವ ಹೊಗೆ, ನನ್ನದೇ ಕುಕ್ಕರುಗಳ ಅಂಚು. ಎದುರು ಬದಿಯ ಅಂಗಡಿಯೇ ಕಾಣಲಿಲ್ಲ. ನನಗೆ ವಾಹನ ಕಾಣದಿದ್ದ ಮೇಲೆ ವಾಹನ ನಡೆಸುವವನಿಗೆ ನಾನು ಕಾಣುವುದೆಂತು? ಪಕ್ಕದ ಅಂಗಡಿಯವರು, "ಏನು ಶೆಟ್ಟರೇ, ಮೊಣಕಾಲು ನೋವೇ?" ಎಂದು ವಿಚಾರಿಸಿದರು.

ವೇಗದ ವಿಷಯವನ್ನೂ ಒಂದಿಷ್ಟು ಲೆಕ್ಕದಿಂದಲೇ ಹೇಳಬೇಕು, ಏಕೆಂದರೆ ಇದನ್ನು ತಿಳಿದೂ ನಾವು ನಂಬುವುದಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಎಂಟು ಮೀಟರಿಗೂ ತುಸು ಹೆಚ್ಚು ಸಾಗುತ್ತದೆ. ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡ್ ಬೇಕೆಂದು ಇಟ್ಟುಕೊಂಡರೆ, ಒಣ ರಸ್ತೆಯಲ್ಲಿ ಅದು ಒಟ್ಟು ಸುಮಾರು 13 ಮೀಟರಿಗೆ ನಿಲ್ಲುತ್ತದೆ. 50 ಕಿಲೋಮೀಟರ್ ವೇಗದ ವಾಹನವು ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಸಾಗಿರುತ್ತದೆ. ಅಂದರೆ ಮೊದಲನೆಯದು ನಿಂತುಬಿಟ್ಟ ಸ್ಥಳದಲ್ಲಿ ಎರಡನೆಯದು ಬ್ರೇಕನ್ನೇ ಹಾಕಿರುವುದಿಲ್ಲ. ಪೂರ್ಣ ವೇಗದಲ್ಲೇ ಇರುತ್ತದೆ. ನಮ್ಮ ಪೇಟೆಬೀದಿಯ ಒಂದು ತುದಿಯಿಂದ ಇನ್ನೊಂದಕ್ಕೆ ಈ ಎರಡು ವೇಗಗಳಲ್ಲಿ ಹೋದರೆ ಉಳಿಯುವ ಸಮಯ ಅರ್ಧ ನಿಮಿಷವೂ ಇಲ್ಲ. ಆ ಅರ್ಧ ನಿಮಿಷದಲ್ಲಿ ನಾವು ಏನು ಮಾಡುತ್ತೇವೆಂದು ಯೋಚಿಸಿದ್ದೇನೆ. ನಿಷ್ಪ್ರಯೋಜಕವಾಗಿ ಇತರ ಜೀವಿಗಳಿಗೆ ಅಪಾಯ ತರುವ ನಡವಳಿಕೆಯನ್ನು ಅನರ್ಥದಂಡವೆಂದು, ಅದರಲ್ಲೂ ಪ್ರಮಾದಚರ್ಯೆಯೆಂದು ಗುರುತಿಸಿದವರ ಕಾಲದಲ್ಲಿ ಮೋಟಾರು ವಾಹನಗಳಿರಲಿಲ್ಲ. ಉದಾಹರಣೆಗೆ ಅವರು ಸುಮ್ಮನೆ ನೆಲ ಅಗೆಯುವುದನ್ನು, ನೀರು ಚೆಲ್ಲುವುದನ್ನು ಹೇಳಿದರು.

ಈಗ ಅರಕಲಗೂಡಿನ ಮಾತು. ನನ್ನ ತಾಯಿಯ ತವರು ಅಲ್ಲಿಯ ಹಳೆಯ ಪೇಟೆಯಲ್ಲಿತ್ತು. ಬಾಲ್ಯದ ಬೇಸಗೆ ರಜೆಗಳೆಲ್ಲ ಅಲ್ಲೇ ಕಳೆದವು. ಅಜ್ಜನ ಮನೆಗೆ ಬೀದಿಯುದ್ದಕ್ಕೂ ಜಗುಲಿ, ಮರದ ಕಂಬಗಳು, ಮೇಲೆ ನಾಡಹೆಂಚಿನ ಇಳಿಮಾಡು. ಪಕ್ಕದ ಮನೆಯದೂ ಹಾಗೆಯೇ, ಅದರ ಪಕ್ಕದ್ದೂ ಹಾಗೆಯೇ. ಮಳೆ ಬಂದರೆ ಮಕ್ಕಳು ಜಗುಲಿಯಿಂದ ಜಗುಲಿಗೆ ಹಾರುತ್ತ ಬೀದಿಯ ಕೊನೆಯವರೆಗೆ ನೆನೆಯದೆ ಹೋಗಬಹುದಾಗಿತ್ತು. ಸಂತೆಯ ದಿನ ಹಳ್ಳಿಯಿಂದ ಬಂದವರು ಅಲ್ಲಿ ಗಂಟು ಇಳಿಸಿ ಕೂರುತ್ತಿದ್ದರು. ಬೀದಿಯ ನಡುವೆ ಲಗೋರಿ, ಚಿನ್ನಿದಾಂಡು. ಜಗುಲಿಯ ಮೇಲೆ ಹೆಣ್ಣುಮಕ್ಕಳ ಅಳಗುಳಿಮಣೆ, ಕುಂಟೆಬಿಲ್ಲೆಗೆ ಎಳೆದ ಸುಣ್ಣದ ಗೆರೆ. ಅಜ್ಜಿ ಅಕ್ಕಿ ಆರಿಸುತ್ತ ಕುಳಿತಿರುತ್ತಿದ್ದರು. ಅವರು ನಮ್ಮನ್ನು ನೋಡಿಕೊಳ್ಳುತ್ತಿದ್ದರೆಂದು ಆಗ ನಮಗೆ ತಿಳಿಯಲಿಲ್ಲ. ಅವರೂ ಹಾಗೆಂದು ಹೇಳುತ್ತಿರಲಿಲ್ಲ. ಆದರೆ ಎತ್ತಿನ ಗಾಡಿಯ ಗಂಟೆ ಕೇಳಿಸಿದ ಕೂಡಲೇ ತಲೆಯೆತ್ತದೆ "ಲೋ, ಈಚೆಗೆ ಬನ್ರೋ" ಎನ್ನುತ್ತಿದ್ದರು.

ಜಗುಲಿಯ ನೆಲ ಯಾರದು? ಮನೆಯವರದೇ. ತನ್ನ ಸ್ವಂತ ನಿವೇಶನದೊಳಗಿನ ನಾಲ್ಕು ಅಡಿ ಜಾಗವನ್ನು ಗೃಹಸ್ಥನು ಗೋಡೆಯ ಹೊರಗೆ ಬಿಟ್ಟು ಬೀದಿಗೆ ಕೊಡುತ್ತಿದ್ದ. ನಾನು ಬೀದಿಯ ಮೂರೂವರೆ ಅಡಿಯನ್ನು ಅಂಗಡಿಯೊಳಕ್ಕೆ ಎಳೆದುಕೊಂಡೆ. ಅಜ್ಜನ ಮತ್ತು ಮೊಮ್ಮಗನ ನಡುವೆ ದಿಕ್ಕೇ ತಿರುಗಿದೆ. ಪರಿಗ್ರಹ ಪರಿಮಾಣವನ್ನು ಹೇಳುವಾಗ ಹೊಲ ಮತ್ತು ಮನೆ, ಎಂದರೆ ಕ್ಷೇತ್ರ ಮತ್ತು ವಾಸ್ತು, ಇವೆರಡನ್ನು ಏಕೆ ಮೊದಲು ಎಣಿಸಿದರೆಂಬುದು ನನಗೆ ಅರ್ಥವಾದದ್ದು ಈ ಜಗುಲಿಯನ್ನು ನೆನೆದಾಗ. ಚಿನ್ನಕ್ಕೆ ಮಿತಿಯಿಟ್ಟುಕೊಂಡವನೂ ನೆಲಕ್ಕೆ ಮಿತಿಯಿಡಲಾರ. ಅದು ಅಂಗುಲ ಅಂಗುಲವಾಗಿ ಬೆಳೆಯುತ್ತದೆ, ಬೆಳೆದದ್ದು ಕಾಣುವುದಿಲ್ಲ.

ಹಳೆಯ ಬೀದಿಯನ್ನು ನಾನು ಅತಿಯಾಗಿ ಹೊಗಳುತ್ತಿದ್ದೇನೆಂದು ಯಾರಾದರೂ ಎಚ್ಚರಿಸಿದರೆ ಒಪ್ಪುತ್ತೇನೆ. ಎಲ್ಲ ಮಕ್ಕಳೂ ಎಲ್ಲ ಜಗುಲಿಗಳ ಮೇಲೆ ಕೂರುವಂತಿರಲಿಲ್ಲ. ನಮ್ಮೊಡನೆ ಲಗೋರಿ ಆಡುತ್ತಿದ್ದ ಕೆಲವು ಹುಡುಗರು ಮಳೆ ಬಂದಾಗ ಬೇರೆ ಕಡೆಗೆ ಓಡುತ್ತಿದ್ದರು. ಏಕೆಂದು ನಾವು ಕೇಳಲಿಲ್ಲ, ನಮಗೆ ಗೊತ್ತಿತ್ತು. ನಗರಸಭೆ ಹಾಕಿದ ಫುಟ್‌ಪಾತಿನ ಹಿರಿಮೆ ಇರುವುದು ಇಲ್ಲೇ: ಅದರ ಮೇಲೆ ನಡೆಯಲು ಯಾರ ಮಗನೆಂದು ಯಾರೂ ಕೇಳುವಂತಿಲ್ಲ. ಅದನ್ನು ನುಂಗಿದವನು ಜಗುಲಿಗಿಂತಲೂ ದೊಡ್ಡದನ್ನು ನುಂಗಿದಂತಾಯಿತು.

ವಸೂಲಿಗಾಗಿ ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ಹಲವು ವರ್ಷ ವಾರಕ್ಕೊಮ್ಮೆ ಹೋಗಿಬರುತ್ತಿದ್ದೆ. ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹ ದೇವಾಲಯವಿರುವ ಹಳೆಯ ಊರು ಇಂದಿಗೂ ಕಾಲ್ನಡಿಗೆಯ ಅಳತೆಯದು. ಅಲ್ಲಿಯ ಕಿರಿದಾದ ಬೀದಿಗಳಲ್ಲಿ ಕಾರಿನವನೇ ಹಿಂಜರಿಯುತ್ತಾನೆ, ಮಗು ಹಿಂಜರಿಯುವುದಿಲ್ಲ. ರಸ್ತೆ ಅಗಲವಾದಷ್ಟೂ ಊರು ಮುಂದುವರಿಯಿತೆಂಬ ನಮ್ಮ ನಂಬಿಕೆಯನ್ನು ಅಲ್ಲಿ ನಿಂತು ಒಮ್ಮೆ ಪರೀಕ್ಷಿಸಬಹುದು. ಚನ್ನರಾಯಪಟ್ಟಣದ ಮಕ್ಕಳಿಗೆ ಅಮಾನಿಕೆರೆ ಇದೆ. ಸಂಜೆಯ ಹೊತ್ತು ನೀರಿನ ಮೇಲಿಂದ ಬರುವ ಗಾಳಿಗೆ ಮೈಯೊಡ್ಡಿ ನಿಂತ ಮಗುವಿಗೆ ಯಾವ ಜಾರುಬಂಡಿಯೂ ಬೇಡ. ಆದರೆ ಮನೆಯಿಂದ ಕೆರೆಯವರೆಗೆ ಒಂಟಿಯಾಗಿ ಹೋಗಲು ಎಂಟು ವರ್ಷದ ಮಗುವನ್ನು ಯಾವ ತಾಯಿ ಬಿಡುತ್ತಾಳೆ? ಉದ್ಯಾನವನ ಎಷ್ಟು ಚೆನ್ನಾಗಿದೆ ಎಂದು ನಾವು ಕೇಳುತ್ತೇವೆ. ಅಲ್ಲಿಗೆ ಹೋಗುವ ದಾರಿ ಹೇಗಿದೆ ಎಂದು ಕೇಳುವುದಿಲ್ಲ.

ಹಾಸನಕ್ಕೆ ಊರಿನ ನಡುವೆ ಮಹಾರಾಜ ಪಾರ್ಕ್ ಇರುವುದು ಪೂರ್ವಿಕರ ಪುಣ್ಯ. ಹೊಸ ಬಡಾವಣೆಗಳ ಕಥೆ ಬೇರೆ. ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರಲ್ಲಿ ಒಂದು ಅಧಿನಿಯಮವಾಗಿದೆ. ಆದರೆ ಬಿಡದೇ ಇರುವ ಜಾಗವನ್ನು ಯಾವ ಅಧಿನಿಯಮ ಸಂರಕ್ಷಿಸೀತು? ಕೃಷಿ ಜಮೀನನ್ನು ಹಾಗೆಯೇ ತುಂಡು ಮಾಡಿ ಮಾರಿದ ರೆವಿನ್ಯೂ ನಿವೇಶನಗಳ ಬಡಾವಣೆಯಲ್ಲಿ ಇಪ್ಪತ್ತಡಿ ರಸ್ತೆಯೂ, ಅದರ ಮೇಲೆ ಎರಡೂ ಕಡೆಯಿಂದ ಚಾಚಿದ ಕಾರು ಹತ್ತಿಸುವ ಇಳಿಜಾರೂ ಬಿಟ್ಟರೆ ಮಗು ನಿಲ್ಲಲು ಜಾಗವಿಲ್ಲ. ಅಂತಹ ನಿವೇಶನ ಕೊಂಡವರಲ್ಲಿ ನಮ್ಮವರೂ ಇದ್ದಾರೆ, ಮಾರಿದವರಲ್ಲೂ ಇದ್ದಾರೆ. ಇನ್ನು ಉದ್ಯಾನವಿರುವಲ್ಲಿ ನಡಿಗೆಯ ಹಾದಿಗೆ ಹಾಸುಗಲ್ಲು, ಹುಲ್ಲಿಗೆ ತಂತಿಬೇಲಿ, ಹಿರಿಯರಿಗೆ ವ್ಯಾಯಾಮದ ಕಬ್ಬಿಣದ ಯಂತ್ರಗಳು. "ಇಲ್ಲಿ ಆಟವಾಡಬಾರದು" ಎಂಬ ಫಲಕದ ಕೆಳಗೆ ಅರವತ್ತು ದಾಟಿದ ನನ್ನಂಥವರು ಕುಳಿತು ಈಗಿನ ಮಕ್ಕಳು ಮೊಬೈಲ್ ಬಿಡುವುದಿಲ್ಲವೆಂದು ದುಃಖಿಸುತ್ತೇವೆ. ಮೈದಾನವಿದ್ದರೆ ಅಲ್ಲಿ ದೊಡ್ಡ ಹುಡುಗರ ಕ್ರಿಕೆಟ್. ಹನ್ನೆರಡು ತುಂಬಿದ ಹುಡುಗಿಯೊಬ್ಬಳು ಆಡುತ್ತಿರುವುದನ್ನು ನಾನು ಈ ನಾಲ್ಕು ಊರುಗಳ ಮೈದಾನಗಳಲ್ಲಿ ಕಂಡದ್ದು ಬೆರಳೆಣಿಕೆಯಷ್ಟು. ಮಕ್ಕಳ ಸ್ನೇಹಿ ಊರು ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಗಂಡುಮಗುವೇ ಏಕೆಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಉತ್ತರ ಸಿಕ್ಕೀತು. ಬೀದಿದೀಪ, ಶೌಚಾಲಯ, ಕಾಣುವಂತೆ ತೆರೆದಿರುವ ಬೇಲಿ: ನನ್ನ ಸೊಸೆ ಹೇಳಿದ ಈ ಮೂರರಲ್ಲಿ ಒಂದೂ ನನಗೆ ಹೊಳೆದಿರಲಿಲ್ಲ.

2025ರ ಸೆಪ್ಟೆಂಬರ್ 12ರ ರಾತ್ರಿ ಹೊಳೆನರಸೀಪುರದ ದಾರಿಯ ಮೊಸಳೆ ಹೊಸಹಳ್ಳಿಯಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿಯೊಂದು ನುಗ್ಗಿತು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಆ ದಾರಿಯಲ್ಲಿ ನಾನು ನೂರಾರು ಸಲ ಹೋಗಿದ್ದೇನೆ. ಊರಿನ ಬೀದಿಯೇ ಹೆದ್ದಾರಿಯೂ ಆಗಿರುವಲ್ಲಿ, ಊರಿಗೆ ಸೇರಲು ಬೇರೆ ಬಯಲಿಲ್ಲದಿರುವಲ್ಲಿ, ಹಬ್ಬವೂ ಲಾರಿಯೂ ಒಂದೇ ಡಾಂಬರನ್ನು ಹಂಚಿಕೊಳ್ಳಬೇಕಾಗುತ್ತದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ನನ್ನ ವಾದಕ್ಕೆ ಪ್ರತಿವಾದಗಳಿವೆ. ಅನೇಕಾಂತವನ್ನು ಒಪ್ಪಿದವನು ಅವನ್ನು ಎದುರಾಳಿಯ ಬಾಯಿಂದಲೇ ಕೇಳಬೇಕು. ನಮ್ಮ ವರ್ತಕ ಮಿತ್ರರೊಬ್ಬರು ಹೇಳಿದರು: "ಸರಕು ಕಣ್ಣಿಗೆ ಬಿದ್ದರೆ ತಾನೆ ಗಿರಾಕಿ ಒಳಗೆ ಬರುವುದು? ನೀವೊಬ್ಬರು ಹಿಂದೆ ಸರಿದರೆ ಪಕ್ಕದವನು ಎರಡಡಿ ಮುಂದೆ ಬರುತ್ತಾನೆ." ಇದು ಸುಳ್ಳಲ್ಲ. ಹುಡುಗನ ಕಾಲು ಮುರಿದ ಮುಂದಿನ ತಿಂಗಳಲ್ಲಿ ನಾನು ಕಟ್ಟೆ ಒಡೆಸಿ ಮೆಟ್ಟಿಲನ್ನು ಬಾಗಿಲಿನ ಒಳಕ್ಕೆ ತೆಗೆದುಕೊಂಡೆ. ವ್ಯಾಪಾರ ಇಳಿಯಲಿಲ್ಲವೆಂದು ಹೇಳಿದರೆ ಅಸತ್ಯವಾಗುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಇಳಿಯಿತು. ಆಮೇಲೆ 2020ರ ಮಾರ್ಚಿನಲ್ಲಿ ಕೊರೋನಾ ಬಂದು ಎಲ್ಲರ ಲೆಕ್ಕವೂ ಕಲಸಿಹೋದುದರಿಂದ ನಷ್ಟ ಎಷ್ಟೆಂದು ನಿಖರವಾಗಿ ಹೇಳಲಾರೆ. ಇನ್ನೂ ನಗೆಗೀಡಾದ ಸಂಗತಿಯೆಂದರೆ, ನಾನು ತೆರವು ಮಾಡಿದ ಜಾಗದಲ್ಲಿ ವಾರದೊಳಗೆ ಸ್ಕೂಟರುಗಳು ನಿಂತವು. ಬಿಟ್ಟುಕೊಟ್ಟದ್ದು ಮಗುವಿಗೆ, ಸಿಕ್ಕಿದ್ದು ಸ್ಕೂಟರಿಗೆ. ಈಗ ಬೆಳಗ್ಗೆ ಶಾಲೆಯ ಹೊತ್ತಿನಲ್ಲಿ ನಾನೇ ಹೊರಗೆ ನಿಂತು, "ದಯವಿಟ್ಟು ಆ ಕಡೆ ನಿಲ್ಲಿಸಿ" ಎಂದು ಕೇಳಿಕೊಳ್ಳುತ್ತೇನೆ. ಕೆಲವರು ಕೇಳುತ್ತಾರೆ. ಒಬ್ಬನ ತ್ಯಾಗದಿಂದ ಬೀದಿ ಸರಿಯಾಗದು, ಕಟ್ಟುಪಾಡು ಎಲ್ಲರಿಗೂ ಒಂದೇ ಆಗಬೇಕು, ಅದನ್ನು ನಗರಾಡಳಿತವೇ ಮಾಡಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಆಗುವವರೆಗೆ ನನ್ನ ಅಣುವ್ರತವನ್ನು ತಡೆಹಿಡಿಯಲು ಶಾಸ್ತ್ರದಲ್ಲಿ ಅವಕಾಶ ಕಾಣಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಫುಟ್‌ಪಾತ್ ತೆರವು ಎಂದ ಕೂಡಲೇ ನಗರಾಡಳಿತದ ಲಾರಿ ಬಂದು ಎತ್ತಿಕೊಂಡು ಹೋಗುವುದು ಹೂ ಮಾರುವವಳ ಬುಟ್ಟಿಯನ್ನು, ಕಡಲೆಕಾಯಿಯ ತಳ್ಳುಗಾಡಿಯನ್ನು. ನಮ್ಮಂಥವರ ಕಬ್ಬಿಣದ ಮೆಟ್ಟಿಲು, ಜಾಹೀರಾತು ಫಲಕ, ಜನರೇಟರ್‌ಗಳು ಅಲ್ಲೇ ಉಳಿಯುತ್ತವೆ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯಕ್ಕೆ ರಕ್ಷಣೆ ಕೊಡುವ ಕೇಂದ್ರ ಕಾನೂನು 2014ರಲ್ಲಿಯೇ ಬಂದಿದೆ. ಅವರಿಗೆ ಗೊತ್ತುಪಡಿಸಿದ ಸ್ಥಳ ಕೊಡಬೇಕೆಂಬುದು ಅದರ ಆಶಯ. ಹೂ ಮಾರುವವಳು ಬೀದಿಯ ಮೇಲಿರುವುದು ಬೇರೆ ನೆಲೆಯಿಲ್ಲದೆ. ನಾನಿದ್ದದ್ದು ಒಳಗೆ ಎಂಟುನೂರು ಚದರ ಅಡಿ ಇದ್ದೂ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ಇಡುವುದು ಸುಳ್ಳು ತೂಕ. ಜೊತೆಗೆ, ಬೀದಿಯಲ್ಲಿ ಮಗು ದಾರಿ ತಪ್ಪಿದರೆ ಮೊದಲು ಗುರುತಿಸುವವಳೂ ಅವಳೇ. ಜಗುಲಿಯ ಅಜ್ಜಿಯ ಕಣ್ಣು ಇಂದು ಉಳಿದಿರುವುದು ಅವಳಲ್ಲಿ.

ಬೀದಿಯನ್ನು ಮಕ್ಕಳಿಗೆ ಹಿಂತಿರುಗಿಸುವುದು ಅಸಾಧ್ಯವೆಂದು ಹೇಳುವವರಿಗೆ ನೆದರ್ಲೆಂಡ್ಸ್ ದೇಶದ ವೃತ್ತಾಂತ ತಿಳಿದಿರಬೇಕು. ಸೈಕಲ್ಲಿನ ನಾಡೆಂದು ಇಂದು ನಾವು ಹೊಗಳುವ ಆ ಪುಟ್ಟ ದೇಶದಲ್ಲಿ 1971ರ ಒಂದೇ ವರ್ಷ 3,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲೇ ಚಳವಳಿ ಹೂಡಿದರು. ಅಪಘಾತ ಎಂಬ ಪದವನ್ನು ಅವರು ಒಪ್ಪಲಿಲ್ಲ. ಪ್ರಮಾದವೇ ಹಿಂಸೆ ಎಂಬ ನಮ್ಮ ನಿರ್ಣಯಕ್ಕೆ ಅವರು ತಮ್ಮ ದುಃಖದ ದಾರಿಯಿಂದ ಬಂದರು. ಅದಕ್ಕೂ ಹಿಂದೆ, 1947ರಿಂದ, ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಆಲ್ಡೊ ವ್ಯಾನ್ ಐಕ್ ಎಂಬ ವಾಸ್ತುಶಿಲ್ಪಿ ಪಾಳುಬಿದ್ದ ನಿವೇಶನಗಳಲ್ಲಿ, ಬೀದಿಯ ಮೂಲೆಗಳಲ್ಲಿ ಮರಳಿನ ಗುಂಡಿ, ಕಲ್ಲಿನ ದಿಮ್ಮಿ, ಬಾಗಿದ ಕಬ್ಬಿಣದ ಸರಳುಗಳಿಂದ 700ಕ್ಕೂ ಹೆಚ್ಚು ಆಟದ ತಾಣಗಳನ್ನು ಮಾಡಿದರು. ದುಬಾರಿ ಆಟಿಕೆಗಳಿಲ್ಲ, ಬೇಲಿಯಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಗಳು ಆರಂಭವಾದವು. ಶಾಲೆಯ ದಾರಿಯಲ್ಲಿ ಹಳ್ಳಕ್ಕೆ ಕಾಲುಸಂಕ ಬೇಕೆಂದು ಮಕ್ಕಳೇ ಹಿರಿಯರ ಮುಂದೆ ನಿಂತು ಕೇಳಿದರು. ಮುಂದೆ ಮಕ್ಕಳ ಗ್ರಾಮಸಭೆಯೆಂಬ ರೂಪದಲ್ಲಿ ಅದು ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಹರಡಿತು. ಹಳ್ಳಿಯ ಮಗುವಿಗೆ ವರ್ಷಕ್ಕೊಮ್ಮೆಯಾದರೂ ಕೇಳುವ ಸಭೆಯಿದೆ. ನಮ್ಮ ಪೇಟೆಯ ಮಗು ಇಷ್ಟು ವರ್ಷಗಳಲ್ಲಿ ಅಂತಹ ಸಭೆಯಲ್ಲಿ ಕುಳಿತದ್ದನ್ನು ನಾನು ನೋಡಿಲ್ಲ.

ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ತಾತ್ಕಾಲಿಕ ಉಪನಗರಗಳನ್ನೇ ಕಟ್ಟಿದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ನಡೆಯುವವರಿಗೆ ಬೇರೆ ದಾರಿ, ವಾಹನಕ್ಕೆ ಬೇರೆ ದಾರಿ, ಕುಡಿಯುವ ನೀರು, ತಪ್ಪಿಸಿಕೊಂಡ ಮಕ್ಕಳಿಗಾಗಿ ಧ್ವನಿವರ್ಧಕದ ಕೂಗು. ಹನ್ನೆರಡು ವರ್ಷಕ್ಕೊಮ್ಮೆ ಇದು ನಮಗೆ ಸಾಧ್ಯವಾಗುತ್ತದೆ.

ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳನ್ನು ನಮ್ಮ ಸಮಾಜ ಉದಾರವಾಗಿ ಮಾಡುತ್ತ ಬಂದಿದೆ, ಅವಕ್ಕೆ ಶಿಲಾಫಲಕಗಳಿವೆ. ಅಭಯದಾನಕ್ಕೆ ಫಲಕ ಹಾಕಿಸಿದವರು ಕಡಿಮೆ. ಕಸಾಯಿಖಾನೆಗೆ ಹೋಗುವ ಪ್ರಾಣಿಯನ್ನು ಬಿಡಿಸುವುದೇ ಅಭಯದಾನವೆಂದು ನಾವು ಅರ್ಥಮಾಡಿಕೊಂಡಿದ್ದೇವೆ. ಅದು ಸರಿಯೇ. ಆದರೆ ಪ್ರತಿದಿನ ಬೆಳಗ್ಗೆ ಎಂಟೂವರೆಗೆ ರಸ್ತೆಯಂಚಿನಲ್ಲಿ ಅಕ್ಕನ ಕೈ ಬಿಗಿಹಿಡಿದು ನಿಂತ ಮಗುವಿನ ಮುಖದಲ್ಲಿರುವುದೂ ಭಯವೇ.

ಈ ಮಾತನ್ನು ಬರೆಯುವುದು ಸುಲಭ. ಕಳೆದ ವರ್ಷ ಅದು ನಮ್ಮ ಸಮಿತಿಯ ಮೇಜಿನ ಮೇಲೆಯೇ ಬಂದಿತು. ಈ ನಾಲ್ಕು ಊರುಗಳಲ್ಲೊಂದರಲ್ಲಿ ನಮ್ಮ ಸಮಾಜದ ಭವನದ ಮುಂದೆ ಒಂದಿಷ್ಟು ಬಯಲಿದೆ. ಎರಡು ಹೊಂಗೆ ಮರ, ಒಂದು ಬಾವಿಕಟ್ಟೆ. ಗೇಟಿಗೆ ಬೀಗ ಹಾಕಿರುತ್ತಿದ್ದರೂ ಹಿಂಬದಿಯ ಓಣಿಯ ಮಕ್ಕಳು ಗೋಡೆ ಹಾರಿ ಬಂದು ಆಡುತ್ತಿದ್ದರು. ಅಲ್ಲಿ ರಸ್ತೆಗೆ ಮುಖವಾಗಿ ಆರು ಮಳಿಗೆಗಳನ್ನು ಕಟ್ಟಿಸಬೇಕೆಂಬ ಸಲಹೆ ಬಂದಿತು. ಸಲಹೆ ದುರಾಸೆಯದಲ್ಲ, ಬಾಡಿಗೆಯ ಹಣವೆಲ್ಲ ಬಡ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆ. ಮಕ್ಕಳ ವಿದ್ಯೆಗಾಗಿ ಮಕ್ಕಳ ಬಯಲನ್ನು ತೆಗೆದುಕೊಳ್ಳಬಹುದೇ? ಶಾಸ್ತ್ರದಾನ ದೊಡ್ಡದೋ ಅಭಯದಾನ ದೊಡ್ಡದೋ? ಮೂರು ಸಭೆಗಳಾದವು. ಹಿರಿಯರೊಬ್ಬರು, "ಆಡುವವರು ನಮ್ಮ ಮಕ್ಕಳಲ್ಲವಲ್ಲ" ಎಂದರು. ಇನ್ನೊಬ್ಬರು, "ವಿದ್ಯಾರ್ಥಿವೇತನ ಪಡೆಯುವವರು ನಮ್ಮವರೇ ತಾನೆ, ಅದಕ್ಕೇ ಹಾಗೆನ್ನುತ್ತೀರಿ" ಎಂದರು. ಮಾತು ಸ್ವಲ್ಪ ಬಿಸಿಯಾಯಿತು. ನಾನು ಮಳಿಗೆಗಳ ವಿರುದ್ಧ ಮಾತನಾಡಿದೆ. ಆದರೆ ವಿದ್ಯಾರ್ಥಿವೇತನಕ್ಕೆ ಬೇರೆ ಹಣದ ಮೂಲ ತೋರಿಸೆಂದಾಗ ಪೂರ್ತಿ ಉತ್ತರ ನನ್ನಲ್ಲಿರಲಿಲ್ಲ. ನನ್ನ ಪಾಲಿನ 2,70,480 ರೂಪಾಯಿಯನ್ನು ಕಂತುಗಳಲ್ಲಿ ಆ ನಿಧಿಗೆ ಕಟ್ಟುವುದಾಗಿ ಹೇಳಿದೆ. ಅಷ್ಟರಿಂದ ಮುಗಿಯುವುದಿಲ್ಲವೆಂದು ಖಜಾಂಚಿಗಳು ಸರಿಯಾಗಿಯೇ ಹೇಳಿದರು.

ಕೊನೆಗೆ ಮಳಿಗೆಗಳ ವಿಚಾರವನ್ನು ಎರಡು ವರ್ಷ ಮುಂದೂಡಿ, ಅಲ್ಲಿಯವರೆಗೆ ಸಂಜೆ ನಾಲ್ಕರಿಂದ ಆರೂವರೆಯವರೆಗೆ ಗೇಟು ತೆರೆದಿಡುವುದೆಂದು ನಿರ್ಣಯವಾಯಿತು. ಕಾವಲುಗಾರರಿಗೆ ಮೊದಲು ಇಷ್ಟವಿರಲಿಲ್ಲ. ಈಗ ಅವರೇ ಲಗೋರಿಗೆ ಚಪ್ಪಟೆ ಕಲ್ಲುಗಳನ್ನು ಆರಿಸಿ ಇಡುತ್ತಾರಂತೆ. ಮೊದಲ ತಿಂಗಳಲ್ಲೇ ಭವನದ ಕಿಟಕಿಯ ಗಾಜೊಂದು ಒಡೆಯಿತು. 650 ರೂಪಾಯಿ ಆಯಿತು. ಯಾವ ಬಾಬ್ತಿಗೆ ಬರೆಯಲಿ ಎಂದು ಗುಮಾಸ್ತರು ಕೇಳಿದರು. ದಾನದ ಬಾಬ್ತಿಗೆ ಎಂದೆ. ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲವೆಂದು ಅವರು ತಲೆಯಾಡಿಸಿದ್ದರಿಂದ ಕಟ್ಟಡ ದುರಸ್ತಿಯ ಬಾಬ್ತಿಗೇ ಬರೆಯಲಾಯಿತು.